ಕ್ರೈಸಿಸ್ ಆನ್ ಇನ್ಫಿನಿಟ್ ಅರ್ಥ್ಸ್: ವರ್ಷಗಳ ಮರುಓದಿನ ಮೇಲೊಂದು ವಿಮರ್ಶೆ

ಡಿಸಿ ಕಾಮಿಕ್ಸ್ 1985-86ರಲ್ಲಿ 12 ಸಂಚಿಕೆಗಳಾಗಿ ಹೊರತಂದ, ಬೇರೆ ಬೇರೆ ಸರಣಿಗಳ ನಾಯಕರು ಒಂದೇ ಕಥೆಯಲ್ಲಿ ಸೇರುವ ಈ ಕ್ರಾಸ್‌ಓವರ್‌ನ ಒಟ್ಟು ಸಂಪುಟ ನನ್ನಲ್ಲಿ ಬಹಳ ವರ್ಷಗಳಿಂದ ಇದೆ. ಕಥೆ ಮಾರ್ವ್ ವುಲ್ಫ್‌ಮನ್ ಅವರದು, ಚಿತ್ರ ಜಾರ್ಜ್ ಪೆರೆಜ್ ಅವರದು. ಆಮೇಲೆ ಎಷ್ಟೋ ಕ್ರಾಸ್‌ಓವರ್‌ಗಳನ್ನು ಓದಿದ್ದೇನೆ. ಮತ್ತೆ ಮತ್ತೆ ಕಣ್ಣು ತುಂಬಿಸುವುದು ಇದೊಂದೇ.

ಮೊದಲ ಸಂಚಿಕೆಯಲ್ಲೇ ಸಮಾನಾಂತರ ವಿಶ್ವಗಳು ಅಳಿದುಹೋಗುತ್ತವೆ. ಸತ್ತವರಿಗೆ ಲೆಕ್ಕವಿಲ್ಲ. ಆ ಸಂಖ್ಯೆ ನನ್ನನ್ನು ತಟ್ಟುವುದಿಲ್ಲ. ಹಸುಗೂಸನ್ನು ಬೇರೊಂದು ವಿಶ್ವಕ್ಕೆ ಕಳುಹಿಸಿ ತಾವು ಅಲ್ಲೇ ಉಳಿಯುವ ತಂದೆತಾಯಿ ತಟ್ಟುತ್ತಾರೆ. ದುರಂತ ಎಷ್ಟೇ ದೊಡ್ಡದಿರಲಿ, ಯಾರೋ ಒಬ್ಬರ ಎದೆಯ ಮೂಲಕ ಹಾದು ಬಂದಾಗ ಮಾತ್ರ ಅದು ಓದುಗರದಾಗುತ್ತದೆ.

ಏಳನೆಯ ಸಂಚಿಕೆಯ ಸೂಪರ್‌ಗರ್ಲ್‌ಳ ಸಾವನ್ನೇ ನೋಡಿ. ಸೂಪರ್‌ಮ್ಯಾನ್ ಅವಳ ದೇಹವನ್ನು ಎತ್ತಿಕೊಂಡು ಅಳುತ್ತಿರುವ ಚಿತ್ರ ಮುಖಪುಟದಲ್ಲೇ ಇದೆ, ಆದ್ದರಿಂದ ಏನಾಗಲಿದೆ ಎಂಬುದು ಮೊದಲೇ ಗೊತ್ತು. ಹೋರಾಟದಲ್ಲಿ ಅವಳು ವಿಶ್ವಗಳನ್ನು ಅಳಿಸುತ್ತಿರುವ ಖಳ ಆಂಟಿ-ಮಾನಿಟರ್‌ನನ್ನು ಹಣ್ಣು ಮಾಡಿರುತ್ತಾಳೆ. ಗಾಯಗೊಂಡ ಸೂಪರ್‌ಮ್ಯಾನ್‌ನನ್ನು ದೂರ ಕರೆದೊಯ್ಯಲು ಹೇಳಲೆಂದು ಜೊತೆಗಾರ್ತಿ ಡಾಕ್ಟರ್ ಲೈಟ್ ಕಡೆಗೆ ತಿರುಗುತ್ತಾಳೆ. ಏಟು ಬೀಳುವುದು ಆಗಲೇ. ಅವಳನ್ನು ಕೊಂದದ್ದು ದೌರ್ಬಲ್ಯವಲ್ಲ, ಅಕ್ಕರೆ. ಪ್ರತಿ ಬಾರಿಯೂ ಆ ಪುಟದಲ್ಲಿ ನಿಧಾನವಾಗುತ್ತೇನೆ.

ಮರುಸಂಚಿಕೆಯಲ್ಲಿ ಬ್ಯಾರಿ ಆಲನ್, ಅಂದರೆ ಫ್ಲ್ಯಾಷ್, ಶತ್ರುವಿನ ಫಿರಂಗಿಯನ್ನು ಒಡೆಯಲು ಓಡಿ ಓಡಿ ಕರಗಿಹೋಗುತ್ತಾನೆ. ಜೊತೆಗಾರರು ಯಾರೂ ಹತ್ತಿರವಿಲ್ಲ. ಎರಡನೆಯ ಸಂಚಿಕೆಯಲ್ಲಿ ಬ್ಯಾಟ್‌ಮ್ಯಾನ್ ಎದುರು ನೆರಳಿನಂತೆ ಮೂಡಿ ಮರೆಯಾದ ಫ್ಲ್ಯಾಷ್‌ನ ಗುಟ್ಟು ಇಲ್ಲಿ ಬಯಲಾಗುತ್ತದೆ: ಅವನು ತನ್ನ ಕೊನೆಯ ಓಟದಲ್ಲಿ ಕಾಲವನ್ನೇ ಹಿಂದಕ್ಕೆ ದಾಟಿದ್ದ. ಮರುಓದಿನಲ್ಲಿ ಆ ಮೊದಲ ದೃಶ್ಯವೇ ಹೆಚ್ಚು ನೋಯಿಸುತ್ತದೆ.

ಇವೆರಡಕ್ಕಿಂತಲೂ ಕಠೋರವಾದದ್ದು ಹನ್ನೊಂದನೆಯ ಸಂಚಿಕೆ. ವಿಶ್ವಗಳೆಲ್ಲ ಒಂದಾಗಿವೆ. 'ಎರಡನೆಯ ಭೂಮಿ' ಎಂಬ ಸಮಾನಾಂತರ ಲೋಕದಿಂದ ಬಂದ ಹಿರಿಯ ಸೂಪರ್‌ಮ್ಯಾನ್ ಈ ಹೊಸ ಲೋಕದಲ್ಲಿ ತನ್ನ ಬದುಕನ್ನು ಹುಡುಕುತ್ತಾನೆ. ಅವನ ಮಡದಿ ಲೋಯಿಸ್ ಇಲ್ಲ; ಇದ್ದಳೆಂಬ ಗುರುತೂ ಇಲ್ಲ. ಸತ್ತವರಿಗಾಗಿ ಅಳಬಹುದು, ಇರಲೇ ಇಲ್ಲ ಎಂದಾದವರಿಗಾಗಿ ಯಾರ ಜೊತೆ ಕೂತು ಅಳುವುದು?

ಒಂಬತ್ತನೆಯ ಸಂಚಿಕೆಯ ಖಳರ ಯುದ್ಧ ನನಗೆ ಎಂದೂ ಹಿಡಿಸಿಲ್ಲ. ಪುಟವೊಂದರಲ್ಲಿ ಹತ್ತಾರು ಪಾತ್ರಗಳು ಕಿಕ್ಕಿರಿದಿರುವುದರಿಂದ ಮೊಬೈಲ್ ಪರದೆಯಲ್ಲಿ ಓದುವುದು ಕಷ್ಟ, ಮುದ್ರಿತ ಪ್ರತಿಯೇ ಮೇಲು. ಹೊಸಬರು ಬ್ಯಾರಿಯ ಹಳೆಯ ಕಥೆಗಳನ್ನು ಕೆಲವನ್ನಾದರೂ ಮೊದಲು ಓದಬೇಕು. ಪರಿಚಯವಿಲ್ಲದವನ ಸಾವು ಬರೀ ಸುದ್ದಿಯಾಗುತ್ತದೆ.

ಬ್ಯಾರಿ 2008ರಲ್ಲಿ ಮರಳಿ ಬಂದನಲ್ಲ, ಹಾಗಾದರೆ ಈ ಸಾವಿಗೆ ಬೆಲೆಯೇನು ಎಂದು ಕೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹನ್ನೆರಡನೆಯ ಸಂಚಿಕೆಯಲ್ಲಿ ಬ್ಯಾರಿಯ ಶಿಷ್ಯ ವಾಲಿ ವೆಸ್ಟ್ ಗುರುವಿನ ಉಡುಪು ತೊಟ್ಟು ಹೊಸ ಫ್ಲ್ಯಾಷ್ ಆಗುತ್ತಾನೆ. ಆ ಹೆಸರಿಗೆ ತಾನು ತಕ್ಕವನೇ ಎಂಬ ಅವನ ಅಳುಕನ್ನು ಮುಂದಿನ ಲೇಖಕರು ವರ್ಷಗಟ್ಟಲೆ ಬೆಳೆಸಿದರು. ಈಗಿನ ಎಷ್ಟೋ ಕ್ರಾಸ್‌ಓವರ್‌ಗಳು ಶೋಕಕ್ಕೆ ಅಷ್ಟು ಕಾಲಾವಕಾಶವನ್ನೇ ಕೊಡುವುದಿಲ್ಲ.