ಡ್ರೈನ್ ಲೆಕ್ಕ ಸೊನ್ನೆಗೆ ಇಳಿಯಿತೇ? ಮೊದಲು ಡಬ್ಬಿ ನೋಡಿ

ಕ್ಯಾನ್ಸರ್ ಆಪರೇಷನ್‌ನಲ್ಲಿ ಸ್ತನದ ಜೊತೆಗೆ ಕಂಕುಳ ದುಗ್ಧಗ್ರಂಥಿಗಳನ್ನೂ (ಲಿಂಫ್ ಗಂಟುಗಳು) ತೆಗೆದ ನಾಲ್ಕನೇ ದಿನ ಒಬ್ಬ ಹೆಂಗಸನ್ನು ಡ್ರೈನ್ ಸಮೇತ ಮನೆಗೆ ಕಳಿಸಿದರು. ಡ್ರೈನ್ ಅಂದರೆ ಗಾಯದೊಳಗೆ ಸೇರುವ ನೀರನ್ನು ಹೊರಗೆ ಎಳೆಯುವ ನಳಿಕೆ, ಅದರ ತುದಿಗೆ ಅದುಮಬಹುದಾದ ಡಬ್ಬಿ. ಡಬ್ಬಿ ಖಾಲಿ ಮಾಡುವುದು ಹೇಗೆಂದು ಯಾರೂ ತೋರಿಸಿರಲಿಲ್ಲ. ಮಗಳು ದಿನಾ ಅಳೆದು ಬರೆದಿಟ್ಟಳು: 110 ಮಿ.ಲೀ., 60, 15, ಆಮೇಲೆ ಸೊನ್ನೆ. ಗಾಯ ಒಣಗಿತು ಅಂದುಕೊಂಡರು. ಆಸ್ಪತ್ರೆಯಲ್ಲೂ ಅಂಕಿ ನೋಡಿ ನಳಿಕೆ ತೆಗೆದರು. ವಾರದೊಳಗೆ ಹೊಲಿಗೆಯ ಕೆಳಗೆ ನೀರು ತುಂಬಿ ಚರ್ಮ ಉಬ್ಬಿತು. ಮೂರು ಸಲ ಸೂಜಿ ಹಾಕಿ ತೆಗೆಯಬೇಕಾಯಿತು, ಕೀವಾಯಿತು, ಕೀಮೋ ಮುಂದಕ್ಕೆ ಹೋಯಿತು.

ಆದ ತಪ್ಪು ಇಷ್ಟೇ: ಡಬ್ಬಿಯನ್ನು ಅದುಮದೆ ಮುಚ್ಚಳ ಹಾಕುತ್ತಿದ್ದರು. ಅದುಮಿದ ಡಬ್ಬಿ ಮತ್ತೆ ಅರಳುವಾಗಲೇ ನೀರನ್ನು ಹೀರುವುದು. ಗಾಳಿ ತುಂಬಿ ಅರಳಿ ನಿಂತ ಡಬ್ಬಿಗೆ ಹೀರುವ ಶಕ್ತಿಯೇ ಇಲ್ಲ. ನೀರು ಒಳಗೇ ನಿಲ್ಲುತ್ತದೆ, ಲೆಕ್ಕ ಮಾತ್ರ ಚೆನ್ನಾಗಿ ಕಾಣುತ್ತದೆ.

ಕೈ ಸೋಪಿನಲ್ಲಿ ತೊಳೆದು ನಳಿಕೆಯ ಕ್ಲಿಪ್ ಹಾಕಿ. ಮುಚ್ಚಳ ತೆಗೆದು ಅಳತೆಯ ಲೋಟಕ್ಕೆ ಸುರಿಯಿರಿ. ಡಬ್ಬಿಯನ್ನು ಪೂರ್ತಿ ಅದುಮಿ, ಅದುಮಿ ಹಿಡಿದಂತೆಯೇ ಮುಚ್ಚಿ. ಕ್ಲಿಪ್ ಬಿಚ್ಚಿ. ಈ ಕೊನೆಯದನ್ನೇ ಬಹಳ ಮಂದಿ ಮರೆಯುತ್ತಾರೆ! ನಳಿಕೆಯಲ್ಲಿ ಹೆಪ್ಪು ಕಂಡರೆ ಚರ್ಮದ ಹತ್ತಿರ ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯ ಬೆರಳಲ್ಲಿ ಡಬ್ಬಿಯ ಕಡೆಗೆ ಒತ್ತುತ್ತಾ ಸಾಗಿಸಿ. ಡಬ್ಬಿ ಯಾವಾಗಲೂ ಗಾಯಕ್ಕಿಂತ ಕೆಳಗಿರಲಿ, ರವಿಕೆಗೋ ನೈಟಿಗೋ ಪಿನ್ ಮಾಡಿ.

ಬಣ್ಣ ಕೆಂಪಿನಿಂದ ನಸುಗೆಂಪಿಗೆ, ಆಮೇಲೆ ತಿಳಿಹಳದಿಗೆ ತಿರುಗಬೇಕು. 24 ಗಂಟೆಗೆ 30 ಮಿ.ಲೀ.ಗಿಂತ ಕಡಿಮೆ ಎರಡು ದಿನ ಸತತವಾಗಿ ಬಂದ ಮೇಲೆ ಸಾಮಾನ್ಯವಾಗಿ ನಳಿಕೆ ತೆಗೆಯುತ್ತಾರೆ. ನಿಧಾನವಾಗಿ ಇಳಿಯುವುದು ಸರಿ. ಒಮ್ಮೆಲೇ ನಿಂತರೆ ಅನುಮಾನಪಡಿ.

ನೋವಿಗೆಂದು ಆ ಜಾಗಕ್ಕೆ ಶಾಖ ಕೊಡುವುದಂತೂ ಬೇಡವೇ ಬೇಡ. ಕಂಕುಳ ಮತ್ತು ತೋಳಿನ ಒಳಭಾಗಕ್ಕೆ ಸ್ಪರ್ಶ ಕೊಡುವ ನರಕ್ಕೆ ಆಪರೇಷನ್‌ನಲ್ಲಿ ಅನೇಕ ಸಲ ಪೆಟ್ಟು ಬಿದ್ದಿರುತ್ತದೆ, ಆಗ ಬಿಸಿ ನೀರಿನ ಚೀಲ ಸುಟ್ಟರೂ ಗೊತ್ತಾಗದೆ ಹೋಗಬಹುದು. ಅರಿಶಿನ, ಎಣ್ಣೆ ಹಚ್ಚಬೇಡಿ. ಬೆರಳು, ಮಣಿಕಟ್ಟು, ಮೊಣಕೈ ಮೊದಲ ದಿನದಿಂದಲೇ ಆಡಿಸಿ. ಭುಜವನ್ನು ಎಷ್ಟು ಎತ್ತಬೇಕೆಂದು ಸರ್ಜನ್ನರನ್ನೇ ಕೇಳಿ. ನೋವೆಂದು ಕೈಯನ್ನು ಮೈಗೆ ಅಂಟಿಸಿಕೊಂಡು ಕೂತರೆ ಭುಜ ಬಿಗಿಯುತ್ತದೆ.

ಡಬ್ಬಿ ಬೇಗ ಬೇಗ ಕಡುಕೆಂಪಾಗಿ ತುಂಬಿದರೆ, ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಎದೆಯ ಅಥವಾ ಕೈಯ ಚರ್ಮ ಕೆಂಪಾಗಿ ಬಿಸಿಯಾದರೆ ಆ ದಿನವೇ ಹೋಗಿ. ಇನ್ನು ಡಿಸ್ಚಾರ್ಜ್ ದಿನ ನರ್ಸಮ್ಮನ ಎದುರಿಗೇ ಒಂದು ಸಲ ನೀವೇ ಡಬ್ಬಿ ಖಾಲಿ ಮಾಡಿ ತೋರಿಸಿ, ಆಮೇಲೆ ಹೊರಡಿ.