ಓಪನ್‌ಎಲ್‌ಪಿ: ಹಾಡಿಗೆ ಸೈ, ವೀಡಿಯೊಗೆ ಸ್ವಲ್ಪ ತಾಳ್ಮೆ ಬೇಕು

ನಮ್ಮ ಚರ್ಚ್‌ನಲ್ಲಿ ಭಾನುವಾರ ಲ್ಯಾಪ್‌ಟಾಪ್ ಮುಂದೆ ಕೂರುವವನು ನಾನು. ಮೊದಲೆಲ್ಲ ಪವರ್‌ಪಾಯಿಂಟ್ ಇತ್ತು. ಒಂದು ಹಾಡಿಗೆ ಒಂದು ಫೈಲು, ಅದೇ ಹಾಡಿಗೆ ‘ಫೈನಲ್’, ‘ಹೊಸ ಫೈನಲ್’ ಅಂತ ಇನ್ನೆರಡು. ಯಾವುದು ಸರಿ ಅಂತ ದೇವರಿಗೇ ಗೊತ್ತು. ಈಗ ಓಪನ್‌ಎಲ್‌ಪಿ ಬಳಸುತ್ತಿದ್ದೇನೆ. ಆರಾಧನೆಯಲ್ಲಿ ಹಾಡಿನ ಸಾಹಿತ್ಯ, ಬೈಬಲ್ ವಚನ, ಚಿತ್ರ, ವೀಡಿಯೊಗಳನ್ನು ಗೋಡೆಯ ಮೇಲೆ ತೋರಿಸುವ ಸಾಫ್ಟ್‌ವೇರ್ ಇದು. ಇದಕ್ಕೆ ದುಡ್ಡಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ದುಡ್ಡು ಕೊಟ್ಟು ಕೊಳ್ಳಬೇಕಾದ ಈಸಿವರ್ಷಿಪ್, ಪ್ರೊಪ್ರೆಸೆಂಟರ್ ಥರದ ಸಾಫ್ಟ್‌ವೇರ್‌ಗಳು ನೋಡಲು ಚೆಂದ ನಿಜ, ಆದರೆ ಕಾಣಿಕೆ ದುಡ್ಡಲ್ಲಿ ನಡೆಯುವ ಸಣ್ಣ ಸಭೆ ಅದಕ್ಕೆ ಕಾಸು ಎಲ್ಲಿಂದ ತರಬೇಕು?

ಪರದೆಯ ಎಡಗಡೆ ಲೈಬ್ರರಿ. ಹಾಡು, ಬೈಬಲ್, ಚಿತ್ರ, ವೀಡಿಯೊ ಎಲ್ಲ ಅಲ್ಲೇ. ಬಲಗಡೆ ಆವತ್ತಿನ ಆರಾಧನೆಯ ಪಟ್ಟಿ. ನಡುವೆ ಎರಡು ಕಿಟಕಿ. ಒಂದು ನನಗೆ ಮಾತ್ರ ಕಾಣುವ ಪ್ರಿವ್ಯೂ, ಇನ್ನೊಂದು ಗೋಡೆಯ ಮೇಲೆ ಎಲ್ಲರಿಗೂ ಕಾಣುವ ಲೈವ್. ಇಷ್ಟು ಗೊತ್ತಾದರೆ ಅರ್ಧ ಕಲಿತಂತೆ.

ಹಾಡಿನ ವಿಷಯದಲ್ಲಿ ಇದನ್ನು ಮೀರಿಸಿದ್ದು ನಾನು ನೋಡಿಲ್ಲ. ನಮ್ಮ ಹಾಡುಗಳಲ್ಲಿ ಪ್ರತಿ ಚರಣ ಮುಗಿದಾಗಲೂ ಪಲ್ಲವಿಗೆ ಬರಬೇಕು, ಅಲ್ವಾ? ಇಲ್ಲಿ ಪಲ್ಲವಿಯನ್ನು ಒಂದೇ ಸಲ ಟೈಪ್ ಮಾಡಿ ‘ಕೋರಸ್’ ಅಂತ ಗುರುತು ಹಾಕಿ. ಚರಣಗಳಿಗೆ ‘ವರ್ಸ್’. ಕೆಳಗೆ ‘ವರ್ಸ್ ಆರ್ಡರ್’ ಅನ್ನುವ ಸಣ್ಣ ಡಬ್ಬಿ ಇದೆ. ಅದರಲ್ಲಿ ಸಿ1 ವಿ1 ಸಿ1 ವಿ2 ಸಿ1 ಅಂತ ಇಂಗ್ಲಿಷಲ್ಲಿ ಬರೆದರೆ ಸ್ಲೈಡುಗಳು ಆ ಕ್ರಮದಲ್ಲೇ ನಿಲ್ಲುತ್ತವೆ. ಹಾಡುವವರು ಉತ್ಸಾಹ ಬಂದು ಪಲ್ಲವಿಗೆ ಮತ್ತೆ ಹೋದರೂ ಗಾಬರಿ ಬೇಡ. ಲೈವ್‌ನಲ್ಲಿ ಸಿ ಕೀಲಿ ಒತ್ತಿದರೆ ಪಲ್ಲವಿ ಬರುತ್ತದೆ. ‘ಅಣ್ಣಾ, ಎರಡನೇದು ಬಿಡಿ, ಮೂರನೇ ಚರಣ’ ಅಂತ ಕೀಬೋರ್ಡ್ ಹುಡುಗ ಸನ್ನೆ ಮಾಡಿದರೆ ವಿ ಒತ್ತಿ 3 ಒತ್ತುತ್ತೇನೆ, ಅಷ್ಟೇ.

ಕನ್ನಡದವರು ಮೊದಲ ದಿನವೇ ಮಾಡಬೇಕಾದ ಕೆಲಸ ಒಂದಿದೆ. ಪ್ರತಿ ಹಾಡಿಗೂ ‘ಆಲ್ಟರ್ನೇಟ್ ಟೈಟಲ್’ ಅಂತ ಒಂದು ಜಾಗ ಇದೆ. ಅಲ್ಲಿ ಹಾಡಿನ ಮೊದಲ ಸಾಲನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿಡಿ. ಅಯ್ಯನವರು ಪ್ರಸಂಗ ಮುಗಿಸಿ, ಪಟ್ಟಿಯಲ್ಲೇ ಇಲ್ಲದ ಹಾಡನ್ನು ಎತ್ತಿಕೊಂಡಾಗ ಕೀಬೋರ್ಡನ್ನು ಕನ್ನಡಕ್ಕೆ ಬದಲಾಯಿಸಿ ಒತ್ತಕ್ಷರ ಹುಡುಕುತ್ತಾ ಕೂರಲು ಆಗುತ್ತಾ? ನಾಲ್ಕು ಇಂಗ್ಲಿಷ್ ಅಕ್ಷರ ಹೊಡೆದರೆ ಹಾಡು ಸಿಗಬೇಕು. ಹಾಡಿನ ಪುಸ್ತಕದ ಹೆಸರು, ನಂಬರು ಹಾಕಲೂ ಬೇರೆ ಜಾಗ ಇದೆ. ಹಿರಿಯರು ಹಾಡು ಹೇಳುವುದೇ ನಂಬರಿನಲ್ಲಿ, ಹಾಗಾಗಿ ಅದನ್ನೂ ತುಂಬಿಸಿ.

ನುಡಿ, ಬರಹದ ಹಳೇ ಫೈಲುಗಳಲ್ಲಿ ಸಾಹಿತ್ಯ ಇದ್ದರೆ ನೇರವಾಗಿ ಪೇಸ್ಟ್ ಮಾಡಬೇಡಿ. ಅರ್ಥವಿಲ್ಲದ ಚಿಹ್ನೆಗಳೇ ಬರುತ್ತವೆ. ಮೊದಲು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಥೀಮ್‌ನಲ್ಲಿ, ಅಂದರೆ ಸ್ಲೈಡಿನ ಅಕ್ಷರ, ಬಣ್ಣ, ಹಿನ್ನೆಲೆ ಹೊಂದಿಸುವ ಕಡೆ, ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಹಾಕಿ, ಸಾಲುಗಳ ಅಂತರ ಸ್ವಲ್ಪ ಜಾಸ್ತಿ ಇಡಿ. ಇಲ್ಲದಿದ್ದರೆ ‘ಸ್ತೋತ್ರ’ದ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಔಟ್‌ಲೈನ್ ದಪ್ಪ ಮಾಡಬೇಡಿ, ಅಕ್ಷರದ ಒಳಗಿನ ಸಂದು ಮುಚ್ಚಿಹೋಗುತ್ತದೆ. ಹಿಂದಿನ ಬೆಂಚಿನ ಆಂಟಿಯರಿಗೆ ಕಾಣಬೇಕು ಅಂದರೆ ಒಂದು ಸ್ಲೈಡಿಗೆ ನಾಲ್ಕು ಸಾಲು ಸಾಕು.

ಚಿತ್ರಗಳಿಗೆ ಗುಂಪು ಮಾಡಬಹುದು, ಗುಂಪಿನೊಳಗೆ ಇನ್ನೊಂದು ಗುಂಪೂ ಮಾಡಬಹುದು. ನಾನು ಕ್ರಿಸ್ಮಸ್, ಗುಡ್ ಫ್ರೈಡೆ, ಈಸ್ಟರ್, ಸುಗ್ಗಿ ಹಬ್ಬ, ಪ್ರಕಟಣೆ ಅಂತ ಇಟ್ಟಿದ್ದೇನೆ. ಆರಾಧನೆ ಶುರುವಾಗುವ ಮುಂಚೆ ಪ್ರಕಟಣೆಯ ಚಿತ್ರಗಳನ್ನು ಒಟ್ಟಿಗೆ ಪಟ್ಟಿಗೆ ಎಳೆದು, ಸೆಕೆಂಡು ಹಾಕಿ ಬಿಟ್ಟರೆ ತಾನಾಗಿ ಸುತ್ತುತ್ತಿರುತ್ತವೆ. ಇಲ್ಲಿ ಹೇಳಲು ಇನ್ನೇನೂ ಇಲ್ಲ, ಚೆನ್ನಾಗಿದೆ.

ವೀಡಿಯೊಗೆ ಮಾತ್ರ ನಾನು ಅಷ್ಟು ಅಂಕ ಕೊಡಲಾರೆ. ವಿಂಡೋಸ್‌ನಲ್ಲಿ ವಿಎಲ್‌ಸಿ ಅನ್ನುವ ವೀಡಿಯೊ ಪ್ಲೇಯರ್ ಬೇರೆಯಾಗಿ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಓಡುವುದಿಲ್ಲ. ವೀಡಿಯೊವನ್ನು ಲೈಬ್ರರಿಗೆ ಸೇರಿಸಿದರೂ ಅದು ಬರೀ ಫೈಲಿನ ವಿಳಾಸ ನೆನಪಿಟ್ಟುಕೊಳ್ಳುತ್ತದೆ. ಪೆನ್‌ಡ್ರೈವ್‌ನಿಂದಲೇ ಸೇರಿಸಿ ಆಮೇಲೆ ಅದನ್ನು ಕಿತ್ತರೆ ವೀಡಿಯೊ ಮಾಯ. ಅದಕ್ಕೇ ಒಂದು ಫೋಲ್ಡರ್ ಮಾಡಿ, ಮೊದಲು ಅಲ್ಲಿಗೆ ಕಾಪಿ ಮಾಡಿ, ಹೆಸರಿನ ಮುಂದೆ ವರ್ಷ ಹಾಕಿ, ಆಮೇಲೆ ಸೇರಿಸಿ. ಆರಾಧನೆಯ ಪಟ್ಟಿಯನ್ನು ಓಎಸ್‌ಜೆಡ್ (ಓಪನ್‌ಎಲ್‌ಪಿಯದೇ ಫೈಲ್ ಬಗೆ) ಫೈಲಾಗಿ ಉಳಿಸಿದಾಗ ವೀಡಿಯೊನೂ ಅದರೊಳಗೆ ಸೇರಿಕೊಳ್ಳುತ್ತದೆ. ಬೇರೆ ಲ್ಯಾಪ್‌ಟಾಪ್‌ಗೆ ಒಯ್ಯಲು ಇದು ಅನುಕೂಲ, ಆದರೆ ಫೈಲು ಭಾರ. ಅದೇ ಕಂಪ್ಯೂಟರ್‌ನಲ್ಲಿ ತೋರಿಸುವುದಾದರೆ ವೀಡಿಯೊ ಒಳಗೆ ಸೇರಿಸದ ‘ಲೈಟ್’ ಅಂತ ಇನ್ನೊಂದು ಬಗೆಯಲ್ಲಿ ಉಳಿಸಬಹುದು.

ಫೋನಿನ ಬ್ರೌಸರ್‌ನಿಂದ ಸ್ಲೈಡ್ ಬದಲಾಯಿಸುವ ಸೌಲಭ್ಯ ಇದೆ. ಲ್ಯಾಪ್‌ಟಾಪ್, ಫೋನ್ ಎರಡೂ ಒಂದೇ ವೈಫೈಯಲ್ಲಿರಬೇಕು. ಹಾಡುವವರಿಗೆ ಮುಂದಿನ ಸಾಲು ತೋರಿಸುವ ಸ್ಟೇಜ್ ವ್ಯೂ ಕೂಡ ಹೀಗೇ ಸಿಗುತ್ತದೆ. ಹಳೇ ಟ್ಯಾಬ್ ಮನೆಯಲ್ಲಿ ಸುಮ್ನೆ ಬಿದ್ದಿದ್ದರೆ ತಂದು ವೇದಿಕೆ ಮೇಲಿಡಿ.

ಹಾಡುಗಳನ್ನು ಓಪನ್‌ಲಿರಿಕ್ಸ್ ಅನ್ನುವ, ಸಾಹಿತ್ಯ ಹಂಚಿಕೊಳ್ಳಲೆಂದೇ ಇರುವ ಫೈಲ್ ರೂಪದಲ್ಲಿ ಎಕ್ಸ್‌ಪೋರ್ಟ್ ಮಾಡಬಹುದು. ಪಕ್ಕದ ಊರಿನ ಸಭೆಯವರು ಕೇಳಿದರೆ ಪೆನ್‌ಡ್ರೈವ್‌ಗೆ ಹಾಕಿ ಕೊಡಿ. ಅವರು ಇಂಪೋರ್ಟ್ ಮಾಡಿಕೊಂಡರೆ ಸಾಕು, ಮತ್ತೆ ಕೂತು ಟೈಪ್ ಮಾಡಬೇಕಿಲ್ಲ.