ಹೊಯ್ಗೆ ಓಟ, ತೆಂಗಿನ ದಿಮ್ಮಿ, ಕೆಸರುಗದ್ದೆ: ಯುದ್ಧದ ಫಿಟ್‌ನೆಸ್‌ಗೆ ಯಾವ್ದು?

ಮೂರನ್ನೂ ಹುಡುಗರ ಒಟ್ಟಿಗೆ ಮಾಡಿ ನೋಡಿದ್ದೇನೆ, ಒಂದು ಸೆಕ್ಷನ್ನಿನ, ಅಂದ್ರೆ ಫೌಜಿನ ಸಣ್ಣ ತುಕಡಿಯ, 10 ಜನ ಒಟ್ಟಾಗಿ ಲಡಾಯಿಗೆ ತಯಾರಾಗ್ಬೇಕು ಅಂತಾದ್ರೆ ನನ್ನ ಓಟು ಕೆಸರುಗದ್ದೆಗೆ. ಫೌಜಿನಲ್ಲಿ ಇರುವಾಗ ಪಿಟಿ ಮಾಡಿಸ್ತಿದ್ದೆ, ಈಗ ರಿಟೈರ್ ಆಗಿ ಸುರತ್ಕಲ್ ಕಡೆಯ ಹುಡುಗರಿಗೆ ಮಾಡಿಸ್ತೇನೆ.

ಪಣಂಬೂರು ಬೀಚಿನ ಹೊಯ್ಗೆಯಲ್ಲಿ ಪಿಟ್ಠು (ಬೆನ್ನಿನ ಚೀಲ) ಹಾಕಿ ಓಡುವುದು ದಮ್ಮಿಗೆ ಬೆಸ್ಟ್. ಮೆತ್ತನೆ ಹೊಯ್ಗೆಯಲ್ಲಿ ಓಡ್ಲಿಕ್ಕೆ ಗಟ್ಟಿ ನೆಲಕ್ಕಿಂತ ಸುಮಾರು 1.6 ಪಟ್ಟು ಶಕ್ತಿ ಬೇಕು, ಕಾಲು ಹುಗಿದು ತಳ್ಳಿದ ಬಲ ಎಲ್ಲ ಹೊಯ್ಗೆಗೇ ಹೋಗ್ತದೆ. ನಾನಿದ್ದಾಗ ಆರ್ಮಿಯ ಬಿಪಿಇಟಿಯಲ್ಲಿ, ಅಂದ್ರೆ ಯುದ್ಧದ ಫಿಟ್‌ನೆಸ್ ಟೆಸ್ಟಿನಲ್ಲಿ, ಆಯುಧ, ಪಿಟ್ಠು ಸಮೇತ 5 ಕಿ.ಮೀ. ಓಡ್ಲಿಕ್ಕಿತ್ತು, ಅಂಥ ಓಟಕ್ಕೆ ಇದು ಚೆನ್ನಾಗಿ ಹೊಂದ್ತದೆ. ನೀರಿನ ಬದಿ ಇಳಿಜಾರು ಇರ್ತದೆ, ಒಂದೇ ಕಾಲಿಗೆ ಭಾರ ಬೀಳ್ತದೆ, ಹೋದ ದಾರಿಯಲ್ಲೇ ವಾಪಸ್ ಬನ್ನಿ. ಆದ್ರೆ ಇದು ಒಬ್ಬೊಬ್ಬನ ಓಟ ಮಾರಾಯ್ರೆ, ಮುಂದೆ ಹೋದವ ಹಿಂದೆ ತಿರುಗಿಯೂ ನೋಡುದಿಲ್ಲ.

ದಿಮ್ಮಿ ಪಿಟಿ, ಅಂದ್ರೆ ಮರದ ದಿಮ್ಮಿಯನ್ನು ಒಟ್ಟಾಗಿ ಹೆಗಲಲ್ಲಿ ಹೊತ್ತು ಮಾಡುವ ಕಸರತ್ತು, ಎರಡನೇ ಮಹಾಯುದ್ಧದಲ್ಲಿ ಸ್ಕಾಟ್ಲೆಂಡಿನ ಅಕ್ನಕ್ಯಾರಿಯಲ್ಲಿ ಬ್ರಿಟಿಷ್ ಕಮಾಂಡೋಗಳು ಮಾಡ್ತಿದ್ದದ್ದು. ನಮ್ಮಲ್ಲಿ ಬಿದ್ದ ತೆಂಗಿನ ಮರದ ತುಂಡು ಸಾಕು. ಒಟ್ಟಿಗೆ ಎತ್ತುವುದು, ಹೆಗಲು ಬದಲಿಸುವುದು ಕಲೀತಾರೆ, ಹೊಯ್ಗೆ ಓಟದಲ್ಲಿ ಇಲ್ಲದ್ದು ಇದೇ. ಎತ್ತರ ನೋಡಿ ನಿಲ್ಲಿಸ್ಬೇಕು, ಇಲ್ಲಾಂದ್ರೆ ಉದ್ದದವರ ಹೆಗಲಲ್ಲೇ ಪೂರ್ತಿ ಭಾರ, ಗಿಡ್ಡದವ ಕೈ ಮೇಲೆತ್ತಿ ಸುಮ್ಮನೆ ನಡೀತಾನೆ.

ಇನ್ನು ಕೆಸರುಗದ್ದೆ. ಮಳೆಗಾಲದಲ್ಲಿ ಉತ್ತ ಗದ್ದೆ, ಮೊಣಕಾಲುವರೆಗೆ ಕೆಸರು, ಒಬ್ಬ ಗಾಯಾಳು ಥರ ಮೈ ಪೂರ್ತಿ ಸಡಿಲ ಬಿಟ್ಟು ಮಲಗ್ಬೇಕು, ಇಬ್ಬರು ಕಂಕುಳಿಗೆ ಕೈ ಹಾಕಿ ಹಿಂದಕ್ಕೆ ಎಳೀಬೇಕು, ಉಳಿದವರು ಗೋಣಿ ಹೊತ್ತು ಒಟ್ಟಿಗೇ ಬರ್ಬೇಕು, ಕೊನೆಯವ ಬದು ಹತ್ತುವವರೆಗೆ ಟೈಮ್ ನಿಲ್ಲುದಿಲ್ಲ. ದಿಮ್ಮಿಗೆ ಒಂದು ಆಕಾರ ಉಂಟು, ಹಿಡಿತ ಸಿಗ್ತದೆ. ಸಡಿಲ ಬಿಟ್ಟ ಮನುಷ್ಯನ ತಲೆ ಒಂದು ಕಡೆ ಜೋತು ಬೀಳ್ತದೆ, ಹಿಮ್ಮಡಿ ಕೆಸರಲ್ಲಿ ನೇಗಿಲಿನ ಹಾಗೆ ಗೀರಿಕೊಂಡು ಬರ್ತದೆ, ಅಂಗಿ ಜಾರ್ತದೆ, ಯುದ್ಧದಲ್ಲಿ ಜೊತೆಗಾರನನ್ನು ಎಳೆದು ತರುವುದು ಹೀಗೇ. ಅರ್ಧ ದಾರಿಗೆ ಯಾರೂ ಹೇಳದೆ ಒಬ್ಬ ಬಂದು ಕಾಲು ಎತ್ತಿ ಹಿಡೀತಾನೆ, ನಾನು ನೋಡ್ಲಿಕ್ಕೆ ಕಾಯುದು ಅದನ್ನೇ.

ಇದಕ್ಕೆ ಇನ್ನೊಂದು ಸೇರಿಸಿದೆ. ಗದ್ದೆ ಬದುವಿನಲ್ಲಿ ಬಣ್ಣದ ಬಟ್ಟೆ, ಖಾಲಿ ಡಬ್ಬ, ಹಗ್ಗ ಅಲ್ಲಲ್ಲಿ ಇಡ್ತೇನೆ, ಎಳೆದು ಮುಗಿದ ಕೂಡ್ಲೆ ಏದುಸಿರಲ್ಲೇ ಎಂತೆಂತ ಕಂಡ್ರಿ ಅಂತ ಕೇಳ್ತೇನೆ. ಓಟದಲ್ಲಿ ಫಸ್ಟ್ ಬರುವವನಿಗೂ ಬಾಯಿ ಬರುದಿಲ್ಲ. ಸುಸ್ತಾದಾಗ ಕಣ್ಣು, ತಲೆ ಕೆಲಸ ಮಾಡದಿದ್ರೆ ಬರೀ ದಮ್ಮು ಇಟ್ಕೊಂಡು ಎಂತ ಮಾಡುದು?

ಒಂದು ವಿಷಯ ಮಾತ್ರ ಸೀರಿಯಸ್ಸಾಗಿ ತಗೊಳ್ಳಿ, ಕಾಲಲ್ಲಿ ಗಾಯ ಇದ್ದವನನ್ನು ಗದ್ದೆಗೆ ಇಳಿಸ್ಬೇಡಿ, ಇಲಿಜ್ವರ ಬರ್ಬಹುದು. ಆಮೇಲೆ ಜ್ವರ, ಮೈಕೈ ನೋವು ಬಂದ್ರೆ ಡಾಕ್ಟರಿಗೆ ಕೆಸರಿನ ವಿಷಯ ಹೇಳ್ಬೇಕು. ಮಳೆ ನಿಂತ ದಿನ ನಮ್ಮೂರ ಸೆಕೆಗೆ ಬೆವರು ಆರುದೂ ಇಲ್ಲ, ಬೆಳಗ್ಗೆ ಬೇಗ ಮುಗಿಸಿ.

ಅಗ್ನಿವೀರ್ ರ‍್ಯಾಲಿ ಹತ್ತಿರ ಉಂಟು ಅಂತಾದ್ರೆ ಇದೆಲ್ಲ ಸದ್ಯಕ್ಕೆ ಬೇಡ, ಅಲ್ಲಿ 1.6 ಕಿ.ಮೀ. ಓಟ, ಪುಲ್‌ಅಪ್, 9 ಅಡಿ ಹೊಂಡ ಹಾರುದು, ಇದನ್ನೇ ನೋಡುದು. ಗಟ್ಟಿ ನೆಲದಲ್ಲಿ ಓಡಿ, ಬಾರಿಗೆ ನೇತಾಡಿ. ಸೆಲೆಕ್ಟ್ ಆಗಿ ಟ್ರೈನಿಂಗಿಗೆ ಹೋಗುವ ಮೊದಲು ಗದ್ದೆಗೆ ಬನ್ನಿ.